ನಾಲ್ಕುನೂರಾ ಹದಿನೇಳನೆಯ ಬಿಲ್ಲೆ

ಸಿಂದಗಿಯ ವಕೀಲ ಅರುಣಕುಮಾರನಿಗೆ ತನ್ನ ಅಂಬಾಸಿಡರ್ ಕಾರಿನ ಮೇಲಿದ್ದ ಪ್ರೀತಿಯ ಕಾಲುಭಾಗ ಕಕ್ಷಿದಾರರ ಮೇಲಿದ್ದಿದ್ದರೆ ಇಷ್ಟೊತ್ತಿಗೆ ವಿಜಯಪುರದಲ್ಲಿ ಎರಡು ಮಹಡಿಯ ಮನೆ ಏಳುತ್ತಿತ್ತು ಎಂದು ಅವನ ಹೆಂಡತಿ ರಾಜಶ್ರೀ ಹೇಳುವುದುಂಟು. ಆ ಮಾತಿನಲ್ಲಿ ಸುಳ್ಳೇನೂ ಇಲ್ಲ. ಐವತ್ತೆರಡು ವರ್ಷದ ಮನುಷ್ಯ ಪ್ರತಿ ಭಾನುವಾರ ಬನಿಯನ್ ಹಾಕಿಕೊಂಡು ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು, ಹಳೆಯ ಟೂತ್ ಬ್ರಶ್ಶಿನಿಂದ ಕಾರಿನ ಗ್ರಿಲ್ಲಿನ ಸಂದಿಸಂದಿ ತಿಕ್ಕುವುದನ್ನು ಇಡೀ ಓಣಿ ನೋಡಿದೆ. ಫೋನು ಬಂದರೆ, ಸಾಹೇಬರು ಪೂಜೆಗೆ ಕೂತಿದ್ದಾರೆ ಎಂದು ರಾಜಶ್ರೀ ಹೇಳುತ್ತಿದ್ದಳು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕೂ ಊರಿನಲ್ಲಿ ಇದೇ ಹುಚ್ಚು ಹಿಡಿದ ಇನ್ನೂ ಆರು ಜನರಿದ್ದರು. ಎಲ್ಲರೂ ಕೂಡಿ 'ಹಳೇ ಗಾಡಿ ಬಳಗ' ಎಂದು ಹೆಸರಿಟ್ಟುಕೊಂಡಿದ್ದರು. ಮೂರು ಅಂಬಾಸಿಡರ್, ಎರಡು ಫಿಯಾಟ್, ಒಂದು ಜೀಪು, ಮತ್ತೆ ನಾಲ್ಕು ಮಂದಿ ತಳ್ಳದ ಹೊರತು ಚಾಲೂ ಆಗಲಾರದ ಒಂದು ಸ್ಟ್ಯಾಂಡರ್ಡ್ ಕಾರು. ಜೀಪಿನ ಧಣಿ ಇಂಡಿಯ ಫಕ್ರುದ್ದೀನ, ಲಿಂಬೆಹಣ್ಣಿನ ದೊಡ್ಡ ವ್ಯಾಪಾರಿ. ಬಳಗದ ಯಜಮಾನಿಕೆಯೂ ಅವನದೇ. ಮೂರು ತಿಂಗಳಿಗೊಮ್ಮೆ ಎಲ್ಲರೂ ಗಾಡಿ ತೊಳೆದು, ಬುತ್ತಿ ಕಟ್ಟಿಕೊಂಡು, ಹೆಂಡಿರನ್ನು ಪಕ್ಕಕ್ಕೆ ಕೂರಿಸಿಕೊಂಡು ಒಂದು ದಿನದ ಮಟ್ಟಿಗೆ ಎಲ್ಲಾದರೂ ಹೋಗಿ ಬರುತ್ತಿದ್ದರು.

ಬಳಗಕ್ಕೆ ಒಂದು ಪದ್ಧತಿ ಇತ್ತು. ಹೋದ ಊರಿನಿಂದ ಪ್ರತಿಯೊಬ್ಬನೂ ಒಂದು 'ಗುರುತು' ತರಬೇಕು. ಅದನ್ನು ಗಾಡಿಯ ಡ್ಯಾಶ್‌ಬೋರ್ಡಿಗೆ ಕೂರಿಸಿ ಮುಂದಿನ ಸಲ ಎಲ್ಲರಿಗೂ ತೋರಿಸಬೇಕು. ಅಂಗಡಿಯಲ್ಲಿ ಕೊಂಡ ಗುರುತಿಗೆ ಮರ್ಯಾದೆ ಕಡಿಮೆ. ಬೇಡಿ ತಂದದ್ದಕ್ಕೆ, ಹುಡುಕಿ ತಂದದ್ದಕ್ಕೆ ಹೆಚ್ಚು. ಫಕ್ರುದ್ದೀನ ಒಮ್ಮೆ ನಿವೃತ್ತ ಸ್ಟೇಷನ್ ಮಾಸ್ತರರೊಬ್ಬರ ಕಡೆಯಿಂದ ಹಿತ್ತಾಳೆಯ ಸೀಟಿ ತಂದಿದ್ದ. ಅದನ್ನು ಊದಿ ಊದಿ ಎಲ್ಲರ ತಲೆ ತಿಂದಿದ್ದ. ಅರುಣಕುಮಾರ ಹಿಂದಿನ ಸಲ ತಂದದ್ದು ಬಸ್‌ಸ್ಟ್ಯಾಂಡಿನ ಅಂಗಡಿಯ ಪ್ಲಾಸ್ಟಿಕ್ ಗೋಳಗುಮ್ಮಟ. ಅದನ್ನು ನೋಡಿ ಆರೂ ಜನ ಕಣ್ಣಲ್ಲಿ ನೀರು ಬರುವಂತೆ ನಕ್ಕಿದ್ದರು. ಆ ನಗು ಮೂರು ತಿಂಗಳಾದರೂ ಅವನ ಕಿವಿಯಿಂದ ಹೋಗಿರಲಿಲ್ಲ. ಕೋರ್ಟಿನಲ್ಲಿ ಸೋತ ದಿನ ಆತ ಗಡದ್ದಾಗಿ ಉಂಡು ಮಲಗುತ್ತಿದ್ದ. ಗೋಳಗುಮ್ಮಟದ ನಗು ಮಾತ್ರ ಅವನಿಗೆ ಪಚನವಾಗಲಿಲ್ಲ.

ಈ ಸಲ ಹೊರಟದ್ದು ಹೊನ್ನಗುಡ್ಡಕ್ಕೆ. ಕೃಷ್ಣೆಯ ಆಚೆ, ಲಿಂಗಸುಗೂರು ದಾಟಿ ಒಳಗೆ ಹೋದರೆ ಸಿಗುವ ಚಿನ್ನದ ಗಣಿಯ ಊರು. ನಿಜಾಮನ ಕಾಲದಲ್ಲಿ ಬಿಳಿಯರು ತೋಡಿದ ಗಣಿ ಇನ್ನೂ ನಡೆಯುತ್ತಿದೆ. ಎರಡನೆಯ ಶನಿವಾರ, ಕೋರ್ಟಿಗೆ ರಜೆ. ಬೆಳಗಿನ ಏಳಕ್ಕೆ ಏಳೂ ಗಾಡಿ ಮುದ್ದೇಬಿಹಾಳದಲ್ಲಿ ಕೂಡಿದವು. ಚಹಾ ಕುಡಿದು, ಸ್ಟ್ಯಾಂಡರ್ಡನ್ನು ಎರಡು ಸಲ ತಳ್ಳಿ, ನಾಲತವಾಡ ಹಾದು, ನಾರಾಯಣಪುರದ ಆಣೆಕಟ್ಟಿನ ಹತ್ತಿರ ಫೋಟೋ ತೆಗೆಸಿಕೊಂಡು, ಹತ್ತೂವರೆಗೆ ಹೊನ್ನಗುಡ್ಡದ ಗಣಿಯ ಬಾಗಿಲಲ್ಲಿ ಸಾಲಾಗಿ ನಿಂತವು. ಅರುಣಕುಮಾರ ಅಂದು ಇಸ್ತ್ರಿಯ ಬಿಳಿ ಅಂಗಿ, ಬಿಳಿ ಪ್ಯಾಂಟು ಹಾಕಿದ್ದ. ಕಪ್ಪು ಕಾರಿಗೆ ಅದು ಒಪ್ಪುತ್ತದೆಂದು ಅವನ ಲೆಕ್ಕಾಚಾರ.

ಹೊರಗಿನವರನ್ನು ಕೆಳಗೆ ಇಳಿಸುವುದಿಲ್ಲ. ಮೇಲಿನದನ್ನಷ್ಟೇ ತೋರಿಸಿ ಕಳಿಸುತ್ತಾರೆ. ತೋರಿಸಲು ಬಂದವನು ಮಶಾಕಸಾಬ. ಅರವತ್ತರ ಅಂಚಿನ, ತೆಳ್ಳಗಿನ, ಬಿಳಿ ಗಡ್ಡದ ಮನುಷ್ಯ. 'ಬಿಲ್ಲೆಮನೆ'ಯ ಉಸ್ತುವಾರಿ ಅವನದು. ಬಿಲ್ಲೆಮನೆ ಎಂದರೆ ಗಣಿಯ ಬಾವಿಯ ಪಕ್ಕದಲ್ಲೇ ಇರುವ ಒಂದು ಉದ್ದನೆಯ ಕೋಣೆ. ಗೋಡೆಯ ತುಂಬ ಕರಿ ಹಲಗೆ, ಹಲಗೆಯ ತುಂಬ ಮೊಳೆ, ಮೊಳೆಗೊಂದರಂತೆ ತೂಗುಬಿಟ್ಟ ಹಿತ್ತಾಳೆಯ ಬಿಲ್ಲೆ. ಒಂದೊಂದು ಬಿಲ್ಲೆಯೂ ಅಂಗೈಯಲ್ಲಿ ಅಡಗುವಷ್ಟು ಅಗಲ. ನಡುವೆ ಕೆತ್ತಿದ ನಂಬರು.

"ಒಂದ ಬಿಲ್ಲೆ, ಒಂದ ಜೀವ ನೋಡ್ರಿ," ಎಂದ ಮಶಾಕಸಾಬ. "ಇಳಿಯೋ ಮುಂದ ತಮ್ಮ ಬಿಲ್ಲೆ ತಗೊಂಡು ಇಳೀತಾರ. ಮ್ಯಾಲ ಬಂದ ಕೂಡಲೇ ಇಲ್ಲೇ ತಂದು ತೂಗಹಾಕ್ತಾರ. ಮೊಳಿ ಖಾಲಿ ಇತ್ತಂದ್ರ ಆ ಮನಶ್ಯಾ ಕೆಳಗ ಅದಾನ ಅಂತ ತಿಳೀಬೇಕು."

"ಈಗ ಎಲ್ಲಾ ಕಂಪ್ಯೂಟರ್ ಬಂದೈತೆಲ್ಲರೀ?" ಎಂದು ಯಾರೋ ಕೇಳಿದರು.

"ಬಂದೈತ್ರಿ. ಹೆಬ್ಬಟ್ಟು ಒತ್ತೋ ಮಿಶನ್ ಐತಿ. ಮೂರು ದಿನ ಆತು, ಕೆಟ್ಟು ಕುಂತೈತಿ. ಬಿಲ್ಲೆ ಕೆಡಂಗಿಲ್ರಿ."

ಎಲ್ಲರೂ ನಕ್ಕರು. ಮಶಾಕಸಾಬ ಇನ್ನೂ ಏನೇನೋ ಹೇಳುತ್ತಿದ್ದ. ಆದರೆ ಅಷ್ಟರಲ್ಲಿ ಫಕ್ರುದ್ದೀನನಿಗೆ ಒಂದು ಆಟ ಹೊಳೆಯಿತು. ಹಲಗೆಯ ಮೇಲೆ ತನ್ನ ಜೀಪಿನ ನಂಬರು ಇದೆಯೋ ಎಂದು ಹುಡುಕತೊಡಗಿದ. ಗಾಡಿಯ ಹುಚ್ಚು ಇರುವವರಿಗೆ ಎಲ್ಲಿ ಹೋದರೂ ತಮ್ಮ ಗಾಡಿಯ ನಂಬರೇ ಕಾಣಬೇಕು. ಕ್ಷಣಾರ್ಧದಲ್ಲಿ ಏಳೂ ಜನ ಸಾಲಿಯ ಹುಡುಗರಂತೆ ಹಲಗೆಗೆ ಮುಖ ಹಚ್ಚಿ ನಿಂತರು. ಫಕ್ರುದ್ದೀನನ ನಂಬರು ದೊಡ್ಡದು, ಅಷ್ಟರವರೆಗೆ ಬಿಲ್ಲೆಗಳೇ ಇರಲಿಲ್ಲ. ಬಾಗೇವಾಡಿಯ ಗೆಳೆಯರೊಬ್ಬರ ನಂಬರಿನ ಮೊಳೆ ಖಾಲಿ ಇತ್ತು. ಅರುಣಕುಮಾರ ಕಡೆಯ ಸಾಲಿನ ಮೂಲೆಗೆ ಬಂದ. ಅಲ್ಲಿ ತೂಗುತ್ತಿತ್ತು, ನಾಲ್ಕುನೂರಾ ಹದಿನೇಳು. ಅವನ ಅಂಬಾಸಿಡರಿನ ನಂಬರು. ಅಕ್ಕಪಕ್ಕದ ಮೊಳೆಗಳೆಲ್ಲ ಖಾಲಿ, ಇದೊಂದೇ ಬಿಲ್ಲೆ ತನಗಾಗಿ ಕಾದು ಕೂತಿದೆ ಎಂದು ಅವನಿಗೆ ಅನ್ನಿಸಿತು.

ಆತ ಕೂಗಿ ಹೇಳಲಿಲ್ಲ. ಮಶಾಕಸಾಬ ಎಲ್ಲರನ್ನೂ ಬಾವಿಯೊಳಗೆ ಜನರನ್ನು ಇಳಿಸಿ ಎತ್ತುವ ಹಗ್ಗದ ದೊಡ್ಡ ಗಾಲಿ ತೋರಿಸಲು ಹೊರಗೆ ಕರೆದ. ಒಬ್ಬೊಬ್ಬರಾಗಿ ಹೊರಗೆ ಹೋದರು. ಅರುಣಕುಮಾರ ಬೂಟಿನ ಲಾಡಿ ಕಟ್ಟಿಕೊಳ್ಳುವವನಂತೆ ಬಗ್ಗಿ, ಎದ್ದು, ಬಿಲ್ಲೆಯನ್ನು ಕಿತ್ತು ಪ್ಯಾಂಟಿನ ಜೇಬಿಗೆ ಇಳಿಸಿದ. ಎದೆ ಡವಡವ ಎಂದಿತು. ಆದರೆ ವಕೀಲನ ತಲೆ ಎದೆಗಿಂತ ಚುರುಕು. ನೂರಾರು ಬಿಲ್ಲೆಗಳಲ್ಲಿ ಒಂದು ಹೋದರೆ ಏನಾಯಿತು, ಇನ್ನೊಂದು ಕೆತ್ತಿಸಿಕೊಳ್ಳುತ್ತಾರೆ, ಹಳೆಯ ಹಿತ್ತಾಳೆ ತಾನೆ ಎಂದು ವಾದ ಹೂಡಿ, ತಾನೇ ನ್ಯಾಯಾಧೀಶನಾಗಿ ತೀರ್ಪನ್ನೂ ಕೊಟ್ಟುಕೊಂಡ.

ಮಧ್ಯಾಹ್ನ ಊಟಕ್ಕೆ ಕೂತದ್ದು ಗಣಿಯ ಅತಿಥಿಗೃಹದ ಬೇವಿನ ಮರದ ಕೆಳಗೆ. ಸಜ್ಜೆ ರೊಟ್ಟಿ, ಎಣ್ಣೆಗಾಯಿ ಬದನೆ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಫಕ್ರುದ್ದೀನನ ಮನೆಯಿಂದ ಬಂದ ಲಿಂಬೆ ಉಪ್ಪಿನಕಾಯಿ ಎಲ್ಲರ ಎಲೆಗೂ ಬಿತ್ತು. ಅರುಣಕುಮಾರ ಅಂದು ಬಹಳ ಮಾತಾಡಿದ. ಬಳಗದ ಮುಂದಿನ ಕೂಟ ಬಾಗೇವಾಡಿಯಲ್ಲಿ. ಆವತ್ತು ಡ್ಯಾಶ್‌ಬೋರ್ಡಿನ ಮೇಲೆ ಕೆಂಪು ಮಖಮಲ್ಲು ಹಾಸಿ, ಅದರ ಮೇಲೆ ಬಿಲ್ಲೆ ಕೂರಿಸಿ, ಫಕ್ರುದ್ದೀನನನ್ನೇ ಕರೆದು, ನಂಬರು ಓದು ಮಾರಾಯ ಎನ್ನಬೇಕು ಎಂದು ಮನಸ್ಸಿನಲ್ಲೇ ಹಬ್ಬ ಮಾಡಿಕೊಂಡಿದ್ದ. ನಡುನಡುವೆ ಕೈ ಜೇಬಿನ ಮೇಲೆ ಹೋಗಿ ಬರುತ್ತಿತ್ತು.

ಮೂರೂವರೆಗೆ ಗಣಿಯ ಭೋಂಗಾ ಕೂಗಿತು. ಒಂದು ಸಲ ಅಲ್ಲ, ನಿಂತು ನಿಂತು ಮೂರು ಸಲ. ಅತಿಥಿಗೃಹದ ಅಡುಗೆಯವನು ಕೈಯಲ್ಲಿದ್ದ ಪಾತ್ರೆಯನ್ನು ಅಲ್ಲೇ ಇಟ್ಟು ಹೊರಗೆ ಓಡಿದ. ರಸ್ತೆಯಲ್ಲಿ ಹೆಂಗಸರು ಬರಿಗಾಲಲ್ಲಿ ಗಣಿಯ ಕಡೆ ಓಡತೊಡಗಿದರು. ಸೈಕಲ್ ಮೇಲೆ ಹೋಗುತ್ತಿದ್ದ ಒಬ್ಬನನ್ನು ಫಕ್ರುದ್ದೀನ ತಡೆದು ಏನಾಯಿತೆಂದು ಕೇಳಿದ.

"ಒಂದ ಬಿಲ್ಲೆ ಬಂದಿಲ್ರಿ. ಪಾಳಿ ಮುಗದೈತಿ, ಮೊಳಿ ಖಾಲಿ ಐತಿ. ಮನಶ್ಯಾ ಕೆಳಗ ಉಳದಾನ."

"ಯಾರು?"

"ಚಂದಪ್ಪ ಅಂತ್ರಿ. ಹಲ್ಲು ಬ್ಯಾನಿ ಅಂತ ಹತ್ತು ಗಂಟೇಕಽ ಒಬ್ಬನಽ ಮ್ಯಾಲ ಹೊಂಟಿದ್ದನಂತ. ಮ್ಯಾಲ ಬಂದದ್ದನ್ನ ಯಾರೂ ನೋಡಿಲ್ಲ, ಮನಿಗೂ ಹೋಗಿಲ್ಲ. ಫೋನ್ ಮಗಳ ಕೈಯಾಗ ಬಿಟ್ಟು ಬಂದಾನ. ನಡಕ ಎಲ್ಲರೆ ಹಳೇ ಸುರಂಗದಾಗ ಬಿದ್ದಾನೋ ಏನೋ. ಹುಡಕಾಕ ಹನ್ನೆರಡು ಮಂದಿ ಇಳದಾರ."

"ನಂಬರ ಎಷ್ಟರೀ ಅವಂದು?" ಬಾಗೇವಾಡಿಯವರು ಕೇಳಿದರು. ನಂಬರು ಕೇಳುವುದು ಅವರ ಚಟ.

"ನಾಕನೂರಾ ಹದಿನೇಳು."

ಅರುಣಕುಮಾರನ ಬಾಯಲ್ಲಿದ್ದ ಎಲೆಅಡಿಕೆ ಅಲ್ಲೇ ನಿಂತಿತು. ಆ ಗಳಿಗೆಯಲ್ಲಿ ಆತ ಬಾಯಿ ಬಿಟ್ಟಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ನಾಲ್ಕು ಜನ ಬೈಯುತ್ತಿದ್ದರು, ಸೈಕಲ್ಲಿನವನೇ ಬಿಲ್ಲೆ ಒಯ್ದು ಕೊಡುತ್ತಿದ್ದ. ಆದರೆ ಎದುರಿಗೆ ಆರು ಜನ ಗೆಳೆಯರು, ಅವರ ಹೆಂಡಿರು. ಗೋಳಗುಮ್ಮಟಕ್ಕೆ ನಕ್ಕಿದ್ದ ಬಾಯಿಗಳೇ ಅವೆಲ್ಲ. ಆತ ಎಲೆಯ ರಸ ನುಂಗಿಕೊಂಡು, "ಅಯ್ಯ, ಪಾಪ," ಎಂದ. ಎಂದವನಿಗೆ ತನ್ನ ದನಿ ಕೇಳಿ ತನಗೇ ಅಸಹ್ಯವಾಯಿತು. ಮುಂದೆ ಎಷ್ಟೋ ದಿನ ಆ ದಿನದ್ದನ್ನೆಲ್ಲ ನೆನೆದಾಗ, ಕದ್ದದ್ದಕ್ಕಿಂತ ಈ 'ಪಾಪ' ಎಂಬ ಮಾತೇ ಅವನ ಮುಖಕ್ಕೆ ಬಿಸಿ ತರುತ್ತಿತ್ತು.

ಕಾರಿನ ಡಿಕ್ಕಿ ತೆರೆದು, ಏನೋ ಹುಡುಕುವವನಂತೆ ಅದರ ಮರೆಗೆ ನಿಂತ. ಆ ಊರಿನಲ್ಲಿ, ಕೆಳಗೆ ಯಾರೂ ಉಳಿದಿಲ್ಲ ಎಂದು ಖಾತ್ರಿಯಾಗಿ ಗೊತ್ತಿದ್ದವನು ಅವನೊಬ್ಬನೇ. ಚಂದಪ್ಪ ಯಾರೋ, ಎಲ್ಲಿದ್ದಾನೋ, ಬಿಲ್ಲೆ ತೂಗುಹಾಕಿ ತನ್ನ ಪಾಡಿಗೆ ಹೊರಗೆ ಹೋಗಿದ್ದಾನೆ. ಅವನನ್ನು ಹುಡುಕಲು ಹನ್ನೆರಡು ಜನ ಸಡಿಲ ಕಲ್ಲಿನ ಕೆಳಗೆ ತೆವಳುತ್ತಿದ್ದಾರೆ. ಅವರ ತಲೆಯ ಮೇಲೆ ಒಂದು ಕಲ್ಲು ಬಿದ್ದರೆ? ಅಷ್ಟು ಯೋಚಿಸಿದ ಮೇಲೂ ಅವನ ಕಣ್ಣು ಹೋದದ್ದು ರಸ್ತೆ ಬದಿಯ ಗಟಾರಿನ ಕಡೆಗೆ. ಎಸೆದುಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ. ಚಂದಪ್ಪ ಸಂಜೆಗೆ ಬಂದೇ ಬರುತ್ತಾನೆ. ನಾಚಿಕೆಗೇಡಿತನ ಎಂದರೆ ಇದೇ. ಅದು ಅವನಿಗೂ ತಿಳಿದಿತ್ತು, ಆದರೂ ಬಿಲ್ಲೆ ಜೇಬಿನಿಂದ ಹೊರಗೆ ಬಂದಿತ್ತು.

"ಏನ್ರಿ ಅದು?"

ರಾಜಶ್ರೀ ಹಿಂದೆಯೇ ನಿಂತಿದ್ದಳು. ನೀರಿನ ಬಾಟಲಿ ತೆಗೆದುಕೊಳ್ಳಲು ಬಂದವಳು. ಆತ ಮುಷ್ಟಿ ಮುಚ್ಚುವಷ್ಟರಲ್ಲಿ ಅವಳು ನಂಬರು ಓದಿಯಾಗಿತ್ತು. ಗಂಡನ ಮುಖವನ್ನು ಹೊಸದಾಗಿ ಕಂಡವಳಂತೆ ನೋಡಿದಳು.

"ಒಯ್ದು ಕೊಟ್ಟು ಬರ್ರಿ," ಎಂದಳು. "ಈಗಿಂದೀಗ."

"ಏನಂತ ಹೇಳ್ಲಿ?"

"ಕೋರ್ಟಿನ್ಯಾಗ ಮಂದೀನ ಕಟಕಟ್ಯಾಗ ನಿಂದರಿಸಿ ಏನ ಹೇಳ್ರಿ ಅಂತೀರಿ? ಅದನ್ನಽ ಹೇಳ್ರಿ."

ಗಣಿಯ ಬಾಗಿಲು ಅಲ್ಲಿಂದ ಕೂಗಳತೆ ದೂರ. ಆತ ನಡೆದುಕೊಂಡೇ ಹೋದ. ಹೋಗುತ್ತ ಹೋಗುತ್ತ ಹೇಳಬೇಕಾದ ಮಾತು ಸವೆಯುತ್ತ ಬಂತು. 'ನಾನು ಕದ್ದೆ' ಎಂದು ಹೊರಟದ್ದು 'ತಪ್ಪಿ ಜೇಬಿಗೆ ಬಂದಿತ್ತು' ಎಂದಾಯಿತು. ಬಾಗಿಲು ಹತ್ತಿರ ಬರುವ ಹೊತ್ತಿಗೆ ಬರೀ 'ಸಿಕ್ಕಿದೆ' ಎಂದಷ್ಟೇ ಉಳಿದಿತ್ತು. ಎಲ್ಲಿ ಸಿಕ್ಕಿತು, ಯಾರ ಜೇಬಿನಲ್ಲಿ ಸಿಕ್ಕಿತು ಎಂದು ಹೇಳುವ ಅಗತ್ಯ ಏನು? ಅವಸರದಲ್ಲಿ ಯಾರು ಕೇಳುತ್ತಾರೆ?

ಬಾಗಿಲ ಮುಂದೆ ಮುನ್ನೂರು ಜನ ಸೇರಿದ್ದರು. ಅಷ್ಟು ಜನ ಇದ್ದೂ ಗದ್ದಲವೇ ಇರಲಿಲ್ಲ. ಬಿಲ್ಲೆಮನೆಯ ಕದ ಮುಚ್ಚಿತ್ತು. ಮಶಾಕಸಾಬ ಬಾವಿಯ ಕಡೆ ಹೋಗಿದ್ದಾನೆಂದು ಯಾರೋ ಅಂದರು. ಗಣಿಯ ಸಾಹೇಬರು ಟೆಲಿಫೋನ್ ಹಿಡಿದು ಒಳಗೆ ಓಡಾಡುತ್ತಿದ್ದರು. ಅವರ ಮುಖ ನೋಡಿಯೇ ಅರುಣಕುಮಾರನಿಗೆ ಅತ್ತ ಹೋಗುವ ಧೈರ್ಯ ಬರಲಿಲ್ಲ. ಗೇಟಿನ ಸರಳು ಹಿಡಿದು ನೆಲದ ಮೇಲೆ ಒಬ್ಬ ಹೆಂಗಸು ಕೂತಿದ್ದಳು. ಸುತ್ತ ನಾಲ್ಕಾರು ಹೆಂಗಸರು ಅವಳ ಬೆನ್ನು ಸವರುತ್ತಿದ್ದರು. ಅವಳೇ ಚಂದಪ್ಪನ ಹೆಂಡತಿ, ಚಂದವ್ವ.

ಅವಳನ್ನು ಕಂಡದ್ದೇ ಅವನಿಗೆ ದಾರಿ ಸಿಕ್ಕಂತಾಯಿತು. ಸಾಹೇಬರಿಗೆ ಯಾಕೆ, ಇವಳಿಗೇ ಕೊಟ್ಟುಬಿಡೋಣ. ಬೇರೆ ಯಾರಿಗಿಂತ ಮೊದಲು ತಿಳಿಯಬೇಕಾದದ್ದು ಇವಳಿಗೆ ತಾನೆ? ಗಂಡ ಕೆಳಗಿಲ್ಲ ಎಂದು ಗೊತ್ತಾದರೆ ಕುಣಿದಾಡುತ್ತಾಳೆ, ಆ ಸಂತೋಷದಲ್ಲಿ ಎಲ್ಲಿ ಸಿಕ್ಕಿತೆಂದು ಕೇಳುವುದನ್ನೂ ಮರೆಯುತ್ತಾಳೆ. ಹೀಗೆ ಲೆಕ್ಕ ಹಾಕಿ, ಬಿಳಿ ಅಂಗಿಯ ವಕೀಲ ಜನರ ನಡುವೆ ದಾರಿ ಮಾಡಿಕೊಂಡು ಹೋದ. ಅವನ ಬಟ್ಟೆ ನೋಡಿ ಯಾರೋ ದೊಡ್ಡ ಸಾಹೇಬನೆಂದು ಜನ ಸರಿದು ನಿಂತರು. ಆತ ಅವಳ ಮುಂದೆ ಬಗ್ಗಿ, ಅವಳ ಬಲಗೈ ಸರಳಿನಿಂದ ಬಿಡಿಸಿ, ಅಂಗೈಯಲ್ಲಿ ಬಿಲ್ಲೆ ಇಟ್ಟ.

"ತಗೋರಿ ಯವ್ವಾ," ಎಂದ ಮೆಲ್ಲಗೆ. "ನಿಮ್ಮ ಯಜಮಾನ್ರ ಬಿಲ್ಲೆ ಸಿಕ್ಕೈತಿ."

ಚಂದವ್ವ ಅಂಗೈ ನೋಡಿದಳು. ಒಂದು ಉಸಿರು ಎಳೆದುಕೊಂಡವಳು ಅದನ್ನು ಬಿಡಲಿಲ್ಲ. ಹಾಗೇ ಪಕ್ಕಕ್ಕೆ ವಾಲಿದಳು. ಸುತ್ತಲಿನ ಹೆಂಗಸರು ಒಮ್ಮೆಲೇ ಚಿಟ್ಟನೆ ಚೀರಿದರು. ಒಬ್ಬಳು ಚಂದವ್ವನ ತಲೆ ತೊಡೆಯ ಮೇಲೆ ಹಾಕಿಕೊಂಡು, ಎದೆ ಬಡಿದುಕೊಳ್ಳುತ್ತ, "ಹೋದ್ಯಾ ಚಂದಪ್ಪಾ!" ಎಂದು ಹಾಡಿಕೊಂಡು ಅಳತೊಡಗಿದಳು. ಆ ಅಳು ಬಾಗಿಲಿಂದ ರಸ್ತೆಗೆ, ರಸ್ತೆಯಿಂದ ಓಣಿಗೆ ಹರಡಿತು. ಗಂಡಸರು ಒಬ್ಬೊಬ್ಬರಾಗಿ ತಲೆಯ ಮೇಲಿನ ಟೋಪಿ, ಟವೆಲ್ಲು ತೆಗೆದರು. ಅರುಣಕುಮಾರನಿಗೆ ಏನೂ ತಿಳಿಯಲಿಲ್ಲ. ಸಂತೋಷದ ಸುದ್ದಿ ಹೇಳಿದರೆ ಯಾಕೆ ಅಳುತ್ತಿದ್ದಾರೆ ಎಂದು ಬೆಪ್ಪಾಗಿ ಸುತ್ತ ನೋಡಿದ.

ಅಳು ಕೇಳಿ ಮಶಾಕಸಾಬ ಒಳಗಿನಿಂದ ಓಡಿಬಂದ. ಚಂದವ್ವನ ಕೈಯಲ್ಲಿನ ಬಿಲ್ಲೆ ನೋಡಿ ಅವನ ಮುಖ ಬೂದಿಬಣ್ಣಕ್ಕೆ ತಿರುಗಿತು.

"ಯಾರ ಕೊಟ್ರು? ಇಕಿ ಕೈಯಾಗ ಯಾರ ಕೊಟ್ರು ಇದನ್ನ?"

"ನಾನಽ..." ಎಂದ ಅರುಣಕುಮಾರ.

"ಎಂಥಾ ಮನಶ್ಯಾರಿ ನೀವು! ಮುಂಜಾನಿ ಅಷ್ಟು ಹೇಳಿದ್ನೆಲ್ರಿ! ಮನಶ್ಯಾ ಸತ್ತಾಗಷ್ಟಽ ಬಿಲ್ಲೆ ಹೇಂತಿ ಕೈಗೆ ಕೊಡ್ತಾರ. ಹೆಣ ಮ್ಯಾಲ ತರೂಕಿಂತ ಮೊದಲ ಸಾಹೇಬ್ರು ಬಂದು ಬಿಲ್ಲೆ ಕೊಡ್ತಾರ. ಬಾಯಿಲೆ ಏನೂ ಹೇಳಂಗಿಲ್ಲ. ಬಿಲ್ಲೆ ಕೊಟ್ರಂದ್ರ ಮುಗೀತು. ನನ್ನ ತಂಗಿ ಶಮ್ಶುನ್ನೀಸಾನ ಕೈಗೆ ಹಿಂಗಽ ಕೊಟ್ಟಿದ್ರು."

ಬೆಳಗ್ಗೆ ಮಶಾಕಸಾಬ ಇದನ್ನು ಹೇಳುತ್ತಿದ್ದಾಗ ಏಳು ಜನ ಗಾಡಿಯ ನಂಬರು ಹುಡುಕುತ್ತಿದ್ದರು.

"ಇಲ್ರಿ, ಅವರು ಸತ್ತಿಲ್ಲ," ಎಂದ ಅರುಣಕುಮಾರ. ಯಾರಿಗೂ ಕೇಳಲಿಲ್ಲ. "ಅವರು ಕೆಳಗಽ ಇಲ್ರಿ! ಬಿಲ್ಲೆ ನನ್ನ ಕಡೆ ಇತ್ತು!" ಎಂದ. ಅಳುವಿನ ನಡುವೆ ಅದೂ ಮುಳುಗಿತು. ಆರು ಜನ ಗೆಳೆಯರ ಮುಂದೆ ಪಿಸುಗುಟ್ಟಲಾರದ ಮಾತನ್ನು ಈಗ ಮುನ್ನೂರು ಜನರ ಮುಂದೆ ಗಂಟಲು ಹರಿಯುವಂತೆ ಕೂಗಬೇಕಾಯಿತು. ಆತ ಗೇಟಿನ ಕಟ್ಟೆಯ ಮೇಲೆ ಹತ್ತಿದ. ಕೋರ್ಟಿನಲ್ಲಿ ಬಳಸುವ ದನಿ ಬರಲಿಲ್ಲ, ಬೇರೇನೋ ಒಡೆದ ದನಿ ಬಂತು.

"ನಾ ಕದ್ದೇನಿ! ಬಿಲ್ಲೆ ನಾ ಕದ್ದೇನಿ! ಹನ್ನೊಂದು ಗಂಟೇಕ ಮೊಳಿ ಮ್ಯಾಲ ಇತ್ತು, ನಾ ಕದ್ದು ಕಿಸೇದಾಗ ಹಾಕ್ಕೊಂಡೆ! ಚಂದಪ್ಪ ಮ್ಯಾಲ ಬಂದಾನ! ಕೆಳಗ ಯಾರೂ ಇಲ್ಲ!"

ಅಳು ಹಂತಹಂತವಾಗಿ ನಿಂತಿತು. ದೂರದವರು ಹತ್ತಿರದವರನ್ನು, ಏನಂದ, ಯಾರು ಕದ್ದದ್ದು ಎಂದು ಕೇಳಿದರು. 'ಆ ಬಿಳೇ ಅಂಗಿಯವ' ಎಂಬ ಮಾತು ಗುಂಪಿನ ತುದಿಯವರೆಗೆ ಹೋಯಿತು. ಆ ತುದಿಯಲ್ಲಿ ಅವನ ಬಳಗದವರು ಬಂದು ನಿಂತಿದ್ದರು. ಫಕ್ರುದ್ದೀನ ಅವನನ್ನೇ ನೋಡುತ್ತಿದ್ದ. ಆಮೇಲೆ ತನ್ನ ಕಾಲಿನ ಕಡೆ ನೋಡಿಕೊಂಡ. ರಾಜಶ್ರೀ ಸೆರಗು ಬಾಯಿಗೆ ಹಿಡಿದಿದ್ದಳು.

ಹೊಡೆಯುತ್ತಾರೆ ಎಂದು ಅರುಣಕುಮಾರ ಕಾದ. ಹೊಡೆದಿದ್ದರೆ ಒಳ್ಳೆಯದಿತ್ತು. ಯಾರೂ ಮೈ ಮುಟ್ಟಲಿಲ್ಲ. ಗಣಿಯ ಸಾಹೇಬರು ಬಂದು, ಕೆಳಗಿನವರನ್ನು ಮೇಲೆ ಕರೆಯಲು ಹೇಳಿ ಕಳಿಸಿ, ಅವನ ಹೆಸರು, ಊರು ಬರೆದುಕೊಂಡರು. "ಹನ್ನೆರಡೂ ಮಂದಿ ಮೇಲೆ ಬರುವವರೆಗೆ ಇಲ್ಲೇ ನಿಲ್ಲಿ," ಎಂದಷ್ಟೇ ಹೇಳಿದರು. ಆತ ನಿಂತ. ನಾಲ್ಕು ನಾಲ್ಕು ಜನರಾಗಿ ಅವರು ಮೇಲೆ ಬಂದರು. ಮೈತುಂಬ ಕೆಸರು, ಕಣ್ಣಷ್ಟೇ ಬೆಳ್ಳಗೆ. ಒಬ್ಬನ ಮೊಣಕೈ ತರಚಿ ರಕ್ತ ಸೋರುತ್ತಿತ್ತು. ಮಶಾಕಸಾಬ ಒಬ್ಬೊಬ್ಬರಿಗೂ ತಗ್ಗಿದ ದನಿಯಲ್ಲಿ ವಿಷಯ ಹೇಳಿದ. ಕೇಳಿದ ಪ್ರತಿಯೊಬ್ಬನೂ ತಿರುಗಿ ಇವನನ್ನು ಒಂದು ಸಲ ನೋಡಿ, ನೀರು ಕುಡಿಯಲು ಹೋದ. ಹನ್ನೆರಡು ಸಲ ಹಾಗಾಯಿತು. ಆತ ಹನ್ನೆರಡನ್ನೂ ಎಣಿಸಿದ.

ಚಂದವ್ವ ಎದ್ದು ಕೂತಿದ್ದಳು. ಮುಖಕ್ಕೆ ನೀರು ಚಿಮುಕಿಸಿದ್ದರು, ಕುಪ್ಪಸ ಒದ್ದೆಯಾಗಿತ್ತು. ಗಂಡ ಬದುಕಿದ್ದಾನೆ ಎಂದು ಎಲ್ಲರೂ ಹೇಳುತ್ತಿದ್ದರೂ ಅವಳ ಕಿವಿಗೆ ಹೋದಂತೆ ಕಾಣಲಿಲ್ಲ. ಬಲಗೈ ಬಿಲ್ಲೆಯ ಮೇಲೆ ಮುಷ್ಟಿ ಕಟ್ಟಿತ್ತು. ಮಶಾಕಸಾಬ ಮೆಲ್ಲಗೆ ಕೈ ಚಾಚಿದ.

"ಕೊಡವಾ ತಂಗಿ. ಮೊಳಿಗೆ ಹಾಕ್ತೇನಿ."

"ಅವನ್ನ ಕಣ್ಣಿಲೆ ನೋಡೂತನಕ ಕೊಡಂಗಿಲ್ಲ," ಎಂದಳು ಚಂದವ್ವ.

ಐದು ಗಂಟೆಯ ಬಸ್ಸಿಗೆ ಚಂದಪ್ಪ ಬಂದ. ಲಿಂಗಸುಗೂರಿನ ಹಲ್ಲಿನ ಡಾಕ್ಟರರ ಹತ್ತಿರ ನಾಲ್ಕು ತಾಸು ಸರದಿ ಕಾದು, ದವಡೆ ಹಲ್ಲು ಕೀಳಿಸಿಕೊಂಡು ಬಂದಿದ್ದ. ಎಡಗೆನ್ನೆ ಊದಿತ್ತು, ಬಾಯಲ್ಲಿ ಹತ್ತಿ ತುರುಕಿತ್ತು. ಬಸ್ಸಿನಿಂದ ಇಳಿದವನು ಗಣಿಯ ಮುಂದೆ ಸೇರಿದ್ದ ಜನ ನೋಡಿ, ತಲೆಯ ಟವೆಲ್ಲು ತೆಗೆದು ಕಂಕುಳಲ್ಲಿಟ್ಟುಕೊಂಡು, ಸಾವಿನ ಮನೆಗೆ ಬರುವವರು ಬರುವ ಹಾಗೆ ಮೆಲ್ಲಗೆ ಹತ್ತಿರ ಬಂದ. ಹತ್ತಿ ತುಂಬಿದ ಬಾಯಿಂದ ಪಕ್ಕದವನನ್ನು ಕೇಳಿದ:

"ಯಾರ್ ಹೋದ್ರೋ?"

ಜನ ಎರಡು ಪಾಲಾಗಿ ಸರಿದರು. ಚಂದವ್ವ ಎದ್ದು ಹೋದವಳು ಮೊದಲು ಅವನ ಬೆನ್ನಿಗೆ ದಬದಬನೆ ನಾಲ್ಕು ಗುದ್ದಿದಳು. ಆಮೇಲೆ ಅವನ ಅಂಗಿಯನ್ನು ಎದೆಯ ಹತ್ತಿರ ಹಿಡಿದುಕೊಂಡು ಹಾಗೇ ನಿಂತಳು. ಏನಾಗಿದೆ ಎಂದು ತಿಳಿಯದೆ ಚಂದಪ್ಪ, "ಹಲ್ಲು... ಹಲ್ಲು ಕೀಳಿಸಾಕ ಹೋಗಿದ್ದೆ," ಎಂದು ಎರಡು ಮೂರು ಸಲ ಹೇಳಿದ. ಮಶಾಕಸಾಬ ಅವನ ಕಿವಿಯಲ್ಲಿ ನಡೆದದ್ದನ್ನೆಲ್ಲ ಹೇಳಿದ. ಚಂದಪ್ಪ ಅರುಣಕುಮಾರನ ಕಡೆ ನೋಡಿದ. ಅವನ ಕಣ್ಣಲ್ಲಿ ಸಿಟ್ಟಿರಲಿಲ್ಲ. ಇಷ್ಟು ದೊಡ್ಡ ಮನುಷ್ಯನಿಗೆ ತನ್ನ ಬಿಲ್ಲೆಯಿಂದ ಏನು ಕೆಲಸ ಎಂಬುದೇ ಅವನಿಗೆ ಹೊಳೆಯುತ್ತಿರಲಿಲ್ಲ.

ಅರುಣಕುಮಾರ ಕೈ ಮುಗಿದ. "ತಪ್ಪಾತ್ರಿ. ಬಾಳ ದೊಡ್ಡ ತಪ್ಪಾತು. ಏನ ಶಿಕ್ಷಾ ಕೊಟ್ರೂ..." ಎಂದು ಶುರುಮಾಡಿದವನಿಗೆ ತಾನು ವಕಾಲತ್ತು ನಡೆಸುತ್ತಿದ್ದೇನೆ ಎಂದು ತಿಳಿದು ಮಾತು ನಿಂತಿತು.

ಚಂದವ್ವ ಗಂಡನ ಅಂಗಿ ಬಿಟ್ಟು ಇವನ ಎದುರಿಗೆ ಬಂದಳು. ನಲವತ್ತರ ಹೆಂಗಸು. ಹಣೆಯ ಕುಂಕುಮ ನೀರಿಗೆ ಕರಗಿ ಹುಬ್ಬಿನವರೆಗೆ ಇಳಿದಿತ್ತು. ಅದನ್ನು ನೋಡಲಾರದೆ ಆತ ನೆಲ ನೋಡಿದ.

"ಯಾಕ ಒಯ್ದಿದ್ರಿ?" ಎಂದು ಕೇಳಿದಳು.

ಹೇಳಲು ಎಷ್ಟೋ ಇದ್ದವು. ಕೆಳಗೆ ಬಿದ್ದಿತ್ತು ಎನ್ನಬಹುದಿತ್ತು. ಹಳೆಯ ವಸ್ತು ಎಂದು ತಿಳಿದೆ, ಇತಿಹಾಸದ ಅಭಿಮಾನಕ್ಕೆ ಒಯ್ದೆ ಎನ್ನಬಹುದಿತ್ತು. ಇಪ್ಪತ್ತೇಳು ವರ್ಷ ಇಂಥವನ್ನೇ ಹೊಸೆದು ಕೊಟ್ಟು ಹೊಟ್ಟೆ ಹೊರೆದವನು ಆತ. ಅಂದು ಒಂದೂ ಬಾಯಿಗೆ ಬರಲಿಲ್ಲ.

"ನನ್ನ ಗಾಡಿ ನಂಬರೂ ಅದಽ ಐತ್ರಿ," ಎಂದ. "ನಾಕನೂರಾ ಹದಿನೇಳು. ಅದಕ್ಕ... ಗಾಡಿಗೆ ಹಚ್ಚಾಕ ಒಯ್ದಿದ್ದೆ. ಚಂದ ಕಾಣ್ತೈತಿ ಅಂತ."

ಚಂದವ್ವನಿಗೆ ಅರ್ಥವಾಗಲಿಲ್ಲ. ಗಂಡನ ಕಡೆ ತಿರುಗಿ, "ಏನಂತಾರ ಇವರು?" ಎಂದಳು.

ಚಂದಪ್ಪ ಬಾಯಿಯ ಹತ್ತಿಯನ್ನು ನಾಲಿಗೆಯಿಂದ ಪಕ್ಕಕ್ಕೆ ಸರಿಸಿ, ತನಗೆ ತಿಳಿದಷ್ಟು ಬಿಡಿಸಿ ಹೇಳಿದ. "ಗಾಡಿ ಐತಂತ ಅವರದು. ಅದಕ್ಕೂ ನಂದಽ ನಂಬರ ಅಂತ. ಚಂದಕ್ಕ ಹಚ್ಚಾಕ ಒಯ್ದಿದ್ರಂತ."

"ಗಾಡಿಗೆ?"

"ಹೂಂ. ಗಾಡಿಗೆ."

ಅವಳು ರಸ್ತೆಯ ಕಡೆ ನೋಡಿದಳು. ಬೇವಿನ ಮರದ ಕೆಳಗೆ ಏಳು ಗಾಡಿಗಳು ಸಾಲಾಗಿ ನಿಂತಿದ್ದವು. ಸಂಜೆ ಬಿಸಿಲಿಗೆ ಕಪ್ಪು ಅಂಬಾಸಿಡರ್ ಎಲ್ಲಕ್ಕಿಂತ ಹೆಚ್ಚು ಹೊಳೆಯುತ್ತಿತ್ತು. ಆ ಹೊಳಪಿಗೆ ಅರುಣಕುಮಾರ ಹಿಂದಿನ ದಿನ ಮೂರು ತಾಸು ಮೇಣ ತಿಕ್ಕಿದ್ದ.

ಆಮೇಲೆ ಅವಳು ಅರುಣಕುಮಾರನ ಬಲಗೈ ಹಿಡಿದು, ಬೆರಳು ಬಿಡಿಸಿ, ಅಂಗೈಯಲ್ಲಿ ಬಿಲ್ಲೆ ಇಟ್ಟು, ಬೆರಳುಗಳನ್ನು ಒಂದೊಂದಾಗಿ ಅದರ ಮೇಲೆ ಮಡಿಸಿದಳು.

"ಇಷ್ಟೊತ್ತು ನಾ ಹಿಡಕೊಂಡು ಕುಂತಿದ್ದೆ," ಎಂದಳು. "ಈಗ ಒಂದೀಟು ನೀವು ಹಿಡಕೋರಿ."

ಅಷ್ಟು ಹೇಳಿ ಗಂಡನ ಪಕ್ಕಕ್ಕೆ ಹೋಗಿ ನಿಂತಳು. ಹೊರಟುಹೋಗಲಿಲ್ಲ. ಮಶಾಕಸಾಬ ಬಿಲ್ಲೆಮನೆಯ ಕದ ತೆಗೆದು ಹೊಸ್ತಿಲ ಮೇಲೆ ನಿಂತ. ಅವನೂ ಕೈ ಚಾಚಲಿಲ್ಲ. ಬಳಗದವರು ಅಲ್ಲೇ ಇದ್ದರು, ರಾಜಶ್ರೀ ಅಲ್ಲೇ ಇದ್ದಳು. ಎರಡನೆಯ ಪಾಳಿಯವರು ಟೋಪಿಯ ದೀಪ ಹಚ್ಚಿಕೊಂಡು ಇಳಿಯಲು ತಯಾರಾಗಿ ನಿಂತಿದ್ದರು. ಈ ಬಿಲ್ಲೆ ಮೊಳೆಗೆ ಬೀಳದ ಹೊರತು ಅವರು ಇಳಿಯುವಂತಿರಲಿಲ್ಲ.

ಹಿತ್ತಾಳೆ ಬೆಚ್ಚಗಿತ್ತು, ಅವಳ ಕೈಯ ಬೆವರಿಗೆ ತೇವವಾಗಿತ್ತು. ಅರುಣಕುಮಾರ ಮುಷ್ಟಿ ಮುಂದೆ ಹಿಡಿದುಕೊಂಡು, ಎಲ್ಲರ ಕಣ್ಣ ಮುಂದೆ, ಸಾಕು ಎಂದು ಯಾರಾದರೂ ಹೇಳಲಿ ಎಂದು ಕಾಯುತ್ತ ನಿಂತ. ಯಾರೂ ಹೇಳಲಿಲ್ಲ.